ಕೂಗಿದರೆ ತುದಿ ಬದಲಿಸು

ಮಾಗಡಿಯಲ್ಲಿ ಗವಿಸಿದ್ದಯ್ಯನ ಕಿವಿಗೆ ಮರ್ಯಾದೆ ಕೊಡದವರಿರಲಿಲ್ಲ, ಅವನ ಬಾಯಿಗೆ ಹೆದರದವರೂ ಇರಲಿಲ್ಲ. ದಾಸಪ್ಪನ ಟಾಕೀಸಿನಲ್ಲಿ ಮೀಸೆ ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವವರೆಗೆ ಸೌಂಡು ನೋಡಿಕೊಂಡ ಮನುಷ್ಯ. ಟಾಕೀಸಿನ ಬೋರ್ಡಿನ ಮೇಲೆ ಯಾವುದೋ ದೇವರ ಹೆಸರಿತ್ತು, ಊರವರ ಬಾಯಲ್ಲಿ ಮಾತ್ರ ಅದು ದಾಸಪ್ಪನ ಟಾಕೀಸೇ. ಮ್ಯಾಟಿನಿಗೆ ಗೇಟು ತೆಗೆಯುವ ಮುಂಚೆ ಗವಿಸಿದ್ದಯ್ಯ ಒಂದು ಹಳೇ ರೀಲು ಓಡಿಸಿ, ಗಾಂಧಿ ಕ್ಲಾಸಿನ ಬೆಂಚಿನಿಂದ ಹಿಡಿದು ಬಾಲ್ಕನಿಯ ಕೊನೇ ಸೀಟಿನವರೆಗೆ ನಡೆದು ಕೇಳುತ್ತಿದ್ದ. ಕಿವಿ ಒಪ್ಪಿದರೆ ತಲೆ ಆಡಿಸುತ್ತಿದ್ದ, ಗೇಟಿನವನು ಚಿಲಕ ತೆಗೆಯುತ್ತಿದ್ದ. ಒಪ್ಪದಿದ್ದರೆ ಹೊರಗೆ ಊರಿಗೆ ಊರೇ ಕೂಗಾಡಲಿ, ಚಿಲಕ ತೆಗೆಯುವ ಹಾಗಿಲ್ಲ. ಒಂದು ಹಬ್ಬದ ದಿನ ಹೊಸ ಪಿಕ್ಚರು ಬಂದಿತ್ತು. ಜನ ಗೇಟಿನ ಮೇಲೆ ಹತ್ತಿ ಕೂತಿದ್ದರು. ಮಾಲೀಕ ದಾಸಪ್ಪನೇ ಕೈಮುಗಿದು, "ಬುಡಯ್ಯಾ ಸಾಕು, ಮಾತು ಕೇಳ್ತದಲ್ಲ" ಅಂದ.

"ಕೇಳೋದು ಬ್ಯಾರೆ, ಕಿವಿಗೆ ಕೂರೋದು ಬ್ಯಾರೆ ಗೌಡ್ರೆ. ಅಷ್ಟು ಆತುರ ಇದ್ರೆ ನೀವೇ ಪರದೆ ಮುಂದೆ ನಿಂತ್ಕಂಡು ಡೈಲಾಗ್ ಹೇಳಿ, ನಾನು ಮನೆಗೋಗ್ತೀನಿ" ಅಂದ ಗವಿಸಿದ್ದಯ್ಯ. ದಾಸಪ್ಪ ಬಾಯಿ ಮುಚ್ಚಿಕೊಂಡು ಹೋದ.

ಸಿಟ್ಟು ಅಂದರೆ ಅಂಥಿಂಥ ಸಿಟ್ಟಲ್ಲ. ಮ್ಯಾನೇಜರು ಒಮ್ಮೆ ಆಂಪ್ಲಿಫೈಯರಿನ ಮೇಲೆ ಟೀ ಲೋಟ ಇಟ್ಟಿದ್ದಕ್ಕೆ ಲೋಟವನ್ನೂ ಟೀಯನ್ನೂ ಮ್ಯಾನೇಜರನ್ನೂ ಒಟ್ಟಿಗೆ ಮೆಟ್ಟಿಲು ಇಳಿಸಿದ್ದ. ಪ್ರೊಜೆಕ್ಟರ್ ಓಡಿಸುತ್ತಿದ್ದ ಮುಜೀಬ್ ಒಬ್ಬನೇ ಅವನ ಜೊತೆ ಕೊನೆಯವರೆಗೆ ಬಾಳಿದವನು. ಅದಾದರೂ ಹೇಗೆ? ಗವಿಸಿದ್ದಯ್ಯ ಏನಂದರೂ "ಹೌದಣ್ಣ" ಅಂದುಬಿಡುವುದು. ಹೆಂಡತಿ ಉಮಾಮಹೇಶ್ವರಿಯೂ ಮದುವೆಯಾದ ಹೊಸದರಲ್ಲೇ ಅದೇ ದಾರಿ ಹಿಡಿದಿದ್ದಳು. ಸಾರಿಗೆ ಉಪ್ಪು ಕಮ್ಮಿ ಅಂದರೂ ಹೌದು, ಜಾಸ್ತಿ ಅಂದರೂ ಹೌದು. ನಮ್ಮದು ಜಗಳವಿಲ್ಲದ ಮನೆ ಅಂತ ಅವನಿಗೆ ಹೆಮ್ಮೆ ಬೇರೆ.

ಅವನು ಓದಿದ್ದು ನಾಲ್ಕನೇ ಕ್ಲಾಸು. ಸಾವನದುರ್ಗದ ಆ ಕಡೆಯ ಹಳ್ಳಿ. ಸುಗ್ಗಿ ಮುಗಿದ ಮೇಲೆ ಟೆಂಟ್ ಸಿನಿಮಾ ಬಂದರೆ ಊರ ಮಕ್ಕಳೆಲ್ಲ ಪರದೆಯ ಕಡೆ ಮುಖ ಮಾಡಿ ಕೂತರೆ ಇವನು ಪರದೆಗೆ ಬೆನ್ನು ಮಾಡಿ ಆಂಪ್ಲಿಫೈಯರಿನ ಕಡೆ ಕೂರುತ್ತಿದ್ದ. ಗಾಜಿನ ಬುರುಡೆಯಂಥ ವಾಲ್ವುಗಳು, ಒಳಗೆ ದೀಪದ ಕುಡಿಯಂಥ ಕೆಂಡ. ಎದುರಿಗೆ ಯಾರೋ ಅಳುತ್ತಿದ್ದಾರೆ, ಯಾರೋ ಹಾಡುತ್ತಿದ್ದಾರೆ, ಅದೆಲ್ಲ ಈ ಬುರುಡೆಗಳ ಹೊಟ್ಟೆಯಿಂದ ಹೊರಡುತ್ತಿದೆ ಅಂದರೆ ಹುಡುಗನಿಗೆ ಮೈ ಜುಂ ಅನ್ನುತ್ತಿತ್ತು. ಟೆಂಟು ಹೊರಟಾಗ ಅದರ ಹಿಂದೆಯೇ ಹೊರಟ. ಟೆಂಟಿನ ಮುದಿ ಮೆಕ್ಯಾನಿಕ್ಕು ಹೊಡೆದು ಬಡಿದು ಕಲಿಸಿದ. ಪುಸ್ತಕ ಇಲ್ಲ, ಮೀಟರೂ ಇಲ್ಲ. ಇದ್ದದ್ದು ಕಿವಿ ಒಂದೇ. ಕಂಡೆನ್ಸರ್ ಒಣಗಿದ್ದರೆ ಎಮ್ಮೆ ಗುಟುರು ಹಾಕಿದ ಹಾಗೆ ಕೇಳುತ್ತದೆ. ಅರ್ಥಿಂಗ್ ವೈರು ಬಿಟ್ಟಿದ್ದರೆ ಜೇನುಹುಳ ಗುಂಯ್‌ಗುಟ್ಟಿದ ಹಾಗೆ. ವಾಲ್ವಿನ ಕಾಲು ಸಡಿಲವಾಗಿದ್ದರೆ ಕಡ್ಲೆ ಹುರಿದ ಸದ್ದು. ರೋಗವನ್ನು ಕೇಳಿ ಹುಡುಕು, ಕೈ ಹಾಕುವುದು ಆಮೇಲೆ ಅನ್ನುತ್ತಿದ್ದ ಮುದುಕ. ಹಾಗೆ ಕಲಿತವನನ್ನು ದಾಸಪ್ಪ ತನ್ನ ಟಾಕೀಸಿಗೆ ಕರೆತಂದ.

ಆಮೇಲೆ ರೀಲುಗಳು ನಿಂತುಹೋದವು. ಸಿನಿಮಾ ಡಬ್ಬಿಯಲ್ಲಿ ಬರುವುದು ಬಿಟ್ಟು ಸ್ಯಾಟಲೈಟಿನಲ್ಲಿ ಆಕಾಶದಿಂದ ಇಳಿಯತೊಡಗಿತು. ದಾಸಪ್ಪ ಬಾಗಿಲು ಮುಚ್ಚಿದ, ಒಂದೆರಡು ವರ್ಷಕ್ಕೆ ಕಣ್ಣೂ ಮುಚ್ಚಿದ. ಗವಿಸಿದ್ದಯ್ಯ ಮಿಕ್ಸಿ, ಫ್ಯಾನು ರಿಪೇರಿ ಮಾಡಿಕೊಂಡು ಉಳಿದ. ಅವನಂಥವನು ಮಿಕ್ಸಿ ಬಿಚ್ಚುವುದನ್ನು ನೋಡಿದವರಿಗೆ ಹೊಟ್ಟೆ ಉರಿಯುತ್ತಿತ್ತು. ಆದರೆ ಹೊಟ್ಟೆ ಉರಿದು ಯಾರಿಗೆ ಏನಾಗಬೇಕಿದೆ?

ಈ ವರ್ಷ ದಾಸಪ್ಪನ ಮಗ ಮನೋಹರ್ ಟಾಕೀಸನ್ನು ಕಲ್ಯಾಣ ಮಂಟಪ ಮಾಡಲು ಹೊರಟ. ಸೀಟುಗಳು ಹೋದವು. ಒಂದು ಪ್ರೊಜೆಕ್ಟರನ್ನು ಗುಜರಿಯ ಓವೈಸ್ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋದ. ಸುದ್ದಿ ತಿಳಿದ ಗವಿಸಿದ್ದಯ್ಯ ಬನಿಯನ್ನಿನಲ್ಲೇ ಓಡಿ ಬಂದ.

"ಆಂಪ್ಲಿಫೈಯರ್ ಮುಟ್ಟಿದ್ರೆ ಕೈ ಕತ್ತರಿಸ್ತೀನಿ."

ಮನೋಹರ್ ಕೆಟ್ಟವನಲ್ಲ. ಅಪ್ಪನ ಕಾಲದ ಮನುಷ್ಯ ಅಂತ ಗೌರವವೂ ಇತ್ತು. "ಸಿದ್ದಯ್ಯನೋರೆ, ಅದು ಸತ್ತು ಎಷ್ಟೋ ವರ್ಷ ಆಯ್ತಲ್ಲ. ಯಾವನೋ ಸ್ಪೀಕರ್ ವೈರೇ ಕೊಡ್ದಂಗೆ ಆನ್ ಮಾಡಿ ಸುಟ್ಟಾಕ್ಬುಟ್ಟ ಅಂತ ನೀವೇ ಬಯ್ತಿದ್ರಿ."

"ಸುಟ್ಟಿರೋದು ಒಂದು ಟ್ರಾನ್ಸ್‌ಫಾರ್ಮರು. ಮಿಕ್ಕಿದ್ದಕ್ಕೆಲ್ಲ ಜೀವ ಐತೆ."

"ಸರಿ, ಒಂದು ಮಾತು ಹೇಳ್ತೀನಿ. ನೀವು ಅದನ್ನ ಮಾತಾಡ್ಸಿ. ಮಾತಾಡಿದ್ರೆ ಮಂಟಪದಲ್ಲೇ ಇಟ್ಕೊಳ್ಳೋಣ. ಓಲಗಕ್ಕೆ, ಮಂತ್ರಕ್ಕೆ ಅದೇ ಮೈಕು. ಆದ್ರೆ ಅದನ್ನ ನೋಡ್ಕೊಳ್ಳೋಕೆ ನೀವೇ ಬರ್ಬೇಕು, ನಂಗೆ ಅದರ ತಲೆ ಬುಡ ಗೊತ್ತಿಲ್ಲ. ಆಗಲಿಲ್ಲ ಅಂದ್ರೆ ಓವೈಸ್ ಉಳಿದಿದ್ದು ತಗೊಂಡೋಗೋಕೆ ಬರೋ ದಿನ ಅದೂ ಹೋಗ್ತದೆ. ಆಮೇಲೆ ಬೇಜಾರ್ ಮಾಡ್ಕೋಬೇಡಿ."

ಗವಿಸಿದ್ದಯ್ಯ ಅಂದೇ ಆಂಪ್ಲಿಫೈಯರನ್ನು ಮನೆಗೆ ಹೊರಿಸಿದ. ಅದು ಉಳಿದರೆ ತಾನೂ ಉಳಿದ ಹಾಗೆ ಎಂದು ಅವನಿಗೆ ಗೊತ್ತಿತ್ತು. ಮಿಕ್ಸಿ ಬಿಚ್ಚುತ್ತಾ ಸಾಯುವುದು ತಪ್ಪುತ್ತದೆ.

ಸುಟ್ಟ ಟ್ರಾನ್ಸ್‌ಫಾರ್ಮರಿಗೆ ಬದಲು ಸಿಗುವುದು ಸುಲಭವಿರಲಿಲ್ಲ. ರಾಮನಗರದ ಅಂಗಡಿಗಳಲ್ಲಿ ಕೇಳಿದರೆ ನಕ್ಕರು. ಕನಕಪುರದಲ್ಲಿ ಒಬ್ಬ ವೈಂಡಿಂಗಿನವನು "ಬೋರ್‌ವೆಲ್ ಮೋಟ್ರು ಇದ್ರೆ ತಗಂಬನ್ನಿ, ಇದು ಯಾವ ಕಾಲದ್ದು ಯಜಮಾನ್ರೆ" ಅಂದ. ಅವನಿಗೂ ನಾಲ್ಕು ಬೈದು ಬಂದ. ಕೊನೆಗೆ ಮುಜೀಬನೇ ಪತ್ತೆ ಹಚ್ಚಿದ. ಅಕ್ಕೂರಿನ ಒಂದು ಮನೆಯ ಅಟ್ಟದಲ್ಲಿ, ರೇಷ್ಮೆಹುಳದ ಹಳೇ ಬಿದಿರು ಚಂದ್ರಿಕೆಗಳ ಕೆಳಗೆ, ಎಂದೋ ಮುಚ್ಚಿದ ಟೆಂಟಿನ ಆಂಪ್ಲಿಫೈಯರು ಬಿದ್ದಿತ್ತು. ಇಲಿ ಅದರ ವಾಲ್ವುಗಳನ್ನೆಲ್ಲ ಉರುಳಿಸಿ ಒಡೆದಿತ್ತು, ಟ್ರಾನ್ಸ್‌ಫಾರ್ಮರ್ ಮಾತ್ರ ಕಲ್ಲಿನ ಹಾಗಿತ್ತು. ಗವಿಸಿದ್ದಯ್ಯ ಅದನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದ.

"ಕೂಸು ಎತ್ಕಂಡಂಗೆ ಎತ್ಕಂಡಿದ್ದೀಯಲ್ಲಣ್ಣ, ಟಿಕೆಟ್ ತಗೊಂಡ್ಯಾ ಅದಕ್ಕೆ?" ಅಂದ ಜೊತೆಗಿದ್ದ ಮುಜೀಬ್.

"ಏನಂದೆ? ಬಾಯಲ್ಲಿ ಅವಲಕ್ಕಿ ತುಂಬ್ಕಂಡಂಗೆ ಮಾತಾಡ್ತೀಯಲ್ಲೋ. ಬಿಡ್ಸಿ ಮಾತಾಡು."

ಈಚೆಗೆ ಊರಿನವರೆಲ್ಲ ಹಾಗೇ ಮಾತಾಡುತ್ತಿದ್ದಾರೆ ಅಂತ ಅವನ ದೂರು. ಸೊಸೈಟಿಯವನು ಗೊಣಗುತ್ತಾನೆ, ಫೋನಿನಲ್ಲಿ ಮಗಳು ಗೊಣಗುತ್ತಾಳೆ. ಕುಕ್ಕರು ಕೂಡ ಕೆಟ್ಟಿದೆ, ಸೀಟಿ ಹಾಕುವುದಿಲ್ಲ. ಉಮಾಮಹೇಶ್ವರಿ ಅದಕ್ಕೂ ಹೌದು ಅಂದು ಸುಮ್ಮನಾಗಿದ್ದಳು.

ಕೆಲಸ ಶುರುವಾಯಿತು. ಒಣಗಿದ ಕಂಡೆನ್ಸರುಗಳನ್ನು ಕಿತ್ತು ಹೊಸದು ಹಾಕಿದ. ಪುಡಿಪುಡಿ ಆಗಿದ್ದ ರಬ್ಬರು ವೈರು ತೆಗೆದು ಹೊಸ ವೈರು ಎಳೆದ. ಎಲ್ಲೂ ಅಡ್ಡಾದಿಡ್ಡಿ ಇಲ್ಲ, ಹೆಣ್ಣುಮಕ್ಕಳು ಜಡೆ ಹೆಣೆದ ಹಾಗೆ. ವರ್ಷಗಟ್ಟಲೆ ಮಲಗಿದ್ದಕ್ಕೆ ಒಮ್ಮೆಲೇ ಕರೆಂಟು ಕೊಟ್ಟರೆ ಸಿಡಿಯುತ್ತದೆ ಅಂತ, ಕರೆಂಟು ಬರುವ ದಾರಿಗೆ ಒಂದು ದೊಡ್ಡ ಬಲ್ಬು ಸೇರಿಸಿದ. ಬಲ್ಬು ಜಗ್ಗನೆ ಉರಿದರೆ ಒಳಗೆಲ್ಲೋ ಶಾರ್ಟು, ಮಂಕಾದರೆ ಸರಿ. ಮಂಕಾಗಿಯೇ ಉರಿಯಿತು. ವಾಲ್ವುಗಳು ಒಂದೊಂದಾಗಿ ಕೆಂಡ ಹಿಡಿದವು. ಉಮಾಮಹೇಶ್ವರಿ ದೇವರಿಗೆ ಹಚ್ಚಿದ್ದ ಊದುಬತ್ತಿಯನ್ನೇ ತಂದು ಅದಕ್ಕೂ ಒಮ್ಮೆ ಸುತ್ತಿಸಿದಳು.

ಉಳಿದದ್ದು ಒಂದೇ ಬೆಸುಗೆ. ಹೊರಗೆ ಹೋಗುವ ಸದ್ದಿನಲ್ಲಿ ಒಂದು ತೊಟ್ಟನ್ನು ಹಿಂದಕ್ಕೆ ತಂದು ಮೊದಲನೇ ವಾಲ್ವಿಗೆ ಕುಡಿಸಬೇಕು. ಸದ್ದು ಹದದಲ್ಲಿ ಇರುವುದು ಅದರಿಂದ. ಟ್ರಾನ್ಸ್‌ಫಾರ್ಮರಿನ ಎರಡು ತುದಿಗಳು ಎರಡು ದೊಡ್ಡ ವಾಲ್ವುಗಳಿಗೆ ಹೋಗುತ್ತವೆ. ಅವು ಸರಿಯಾದ ಕಡೆ ಸೇರಿದ್ದರೆ ಹಿಂದಕ್ಕೆ ಬಂದ ತೊಟ್ಟು ಕುದುರೆಗೆ ಲಗಾಮು ಇದ್ದಂತೆ. ಅದಲುಬದಲಾಗಿದ್ದರೆ ಅದೇ ತೊಟ್ಟು ಚಾಟಿ, ಕುದುರೆ ಹುಚ್ಚು ಹಿಡಿದು ಕೆನೆಯುತ್ತದೆ. ಯಾವುದು ಯಾವ ತುದಿ ಅಂತ ತಿಳಿಯಲೆಂದೇ ಕಂಪನಿಯವರು ಬಣ್ಣದ ಕೊಳವೆ ತೊಡಿಸಿರುತ್ತಾರೆ. ಅಕ್ಕೂರಿನ ಅಟ್ಟದಲ್ಲಿ ಆ ಬಣ್ಣಗಳೆಲ್ಲ ಹೋಗಿ ಎರಡೂ ಒಂದೇ ಮಣ್ಣುಬಣ್ಣವಾಗಿದ್ದವು. ಗವಿಸಿದ್ದಯ್ಯ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಟೆಂಟಿನ ಮುದುಕ ಕಲಿಸಿದ ಪಾಠ ಗೊತ್ತಿತ್ತು. ಹೇಗೋ ಒಂದು ಸೇರಿಸು, ಕೇಳು, ಕೂಗಿದರೆ ತುದಿ ಬದಲಿಸು. ಅಷ್ಟೇ. ಈ ಕಸುಬಿನಲ್ಲಿ ಅದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ.

ಸೇರಿಸಿದ. ಪುಟ್ಟ ಸ್ಪೀಕರು ಕೊಟ್ಟು ಕಿವಿ ಇಟ್ಟ. ಗುಂಯ್ ಇಲ್ಲ, ಗುಟುರು ಇಲ್ಲ. ರೇಡಿಯೋ ಹಚ್ಚಿದರೆ ಗಂಡಸಿನ ದನಿ ತುಂಬಿಕೊಂಡು ಬಂತು. ಮೊದಲ ಸಲಕ್ಕೇ ತುದಿ ಸರಿ ಹೊಂದಿದೆ! ಬೆಸುಗೆ ಭದ್ರ ಮಾಡಿ, ವಾಲ್ವುಗಳ ಮೇಲೆ ತೂತಿನ ತಗಡಿನ ಮುಚ್ಚಳ ಕೂರಿಸಿದ.

"ಲೇ ಉಮಾ! ಬಾ ಇಲ್ಲಿ. ಎಂಗೈತೆ?"

ಉಮಾಮಹೇಶ್ವರಿ ಅಡಿಗೆಮನೆ ಹೊಸ್ತಿಲಲ್ಲೇ ನಿಂತಳು. ಹಲ್ಲು ಜುಮ್ಮೆಂದವಳ ಹಾಗೆ ಮುಖ ಕಿವುಚಿ, ಸೆರಗನ್ನು ಕೆನ್ನೆಗೆ ಒತ್ತಿಕೊಂಡಳು. ಗಂಡನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಆ ಮುಖ ಹಾಗೆ ಅರಳಿದ್ದು ಅವಳು ಕಂಡಿರಲಿಲ್ಲ.

"ಚೆನ್ನಾಗೈತೆ ಕಣ್ರೀ" ಅಂದಳು.

"ಅಳ್ತೀಯಾ ಯಾಕೇ?"

"ಈರುಳ್ಳಿ ಹೆಚ್ತಿದ್ದೆ."

ಸಂಜೆ ಮುಜೀಬ್ ಬಂದ. ಅವನೂ ಕೇಳಿದ. ನೆಲ ನೋಡಿದ, ಸ್ಪೀಕರು ನೋಡಿದ, ಉಮಾಮಹೇಶ್ವರಿಯನ್ನು ನೋಡಿದ. ಅವಳು ಬೇಡ ಅನ್ನುವ ಹಾಗೆ ತಲೆ ಆಡಿಸಿದ್ದನ್ನು ಗವಿಸಿದ್ದಯ್ಯ ಕಂಡ, ಟೀ ಬೇಡ ಅನ್ನುತ್ತಿದ್ದಾಳೇನೋ ಅಂದುಕೊಂಡ.

"ಯಾಕ್ಲಾ ಬಾಯಿಗೆ ಬೀಗ ಬಿತ್ತಾ?"

"ಇಲ್ಲಣ್ಣ... ಚೆನ್ನಾಗೈತೆ. ಒಸಿ... ಇನ್ನೊಂದ್ ದಪ ವೈರು ನೋಡಿದ್ರೆ..."

"ಏನು ನೋಡೋದು?" ಗವಿಸಿದ್ದಯ್ಯನ ದನಿ ಏರಿತು. "ರೀಲು ಸುತ್ತೋನು ನೀನು ನಂಗೆ ವೈರಿಂಗ್ ಹೇಳ್ಕೊಡ್ತೀಯಾ?"

"ಹೌದಣ್ಣ. ನಂಗೇನ್ ಗೊತ್ತಾಗ್ತದೆ. ಸರಿಯಾಗೇ ಐತೆ."

ಮಾರನೇ ದಿನ ಆಂಪ್ಲಿಫೈಯರು ಟಾಕೀಸಿಗೆ ಹೋಯಿತು. ಹಾಲಿನಲ್ಲಿ ಟೈಲ್ಸ್ ಕೆಲಸದ ಆಳುಗಳಿದ್ದರು. ಪರದೆ ಹರಿದಿದ್ದರೂ ಅದರ ಹಿಂದಿನ ದೊಡ್ಡ ಹಾರ್ನ್ ಸ್ಪೀಕರುಗಳು ಇನ್ನೂ ಗೋಡೆಗಿದ್ದವು. ಕಿಟಕಿ ಇಲ್ಲದ ಹಾಲು, ಮಧ್ಯಾಹ್ನದಲ್ಲೂ ಕತ್ತಲು. ಕೆಲಸದವರ ಒಂದು ಬಲ್ಬು ಮೂಲೆಯಲ್ಲಿ ಉರಿಯುತ್ತಿತ್ತು. ಮನೋಹರ್ ಬಿಳಿ ಅಂಗಿ ಹಾಕಿಕೊಂಡು ಬಂದು ನಿಂತ. ಮುಜೀಬ್ ಬಂದಿದ್ದ, ಉಮಾಮಹೇಶ್ವರಿಯೂ ಬಂದಿದ್ದಳು. ಉಳಿದ ಪ್ರೊಜೆಕ್ಟರಿಗೆ ಅಂತ ಓವೈಸ್ ಹೊರಗೆ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದ.

ಮನೋಹರನ ಫೋನಿಗೆ ವೈರು ಸೇರಿಸಿ ನಾದಸ್ವರದ ರೆಕಾರ್ಡು ಹಾಕಿದರು. ಗವಿಸಿದ್ದಯ್ಯ ವಾಲ್ಯೂಮ್ ತಿರುಗಿಸಿದ. ಡೋಲಿನ ಪೆಟ್ಟು ಎದೆಗೆ ಬಂದು ಬಡಿಯಿತು. ಎಷ್ಟು ವರ್ಷವಾಗಿತ್ತು! ಅವನ ಕಣ್ಣು ತುಂಬಿತು.

ಪರದೆಯ ಹಿಂದಿನಿಂದ ಪಾರಿವಾಳಗಳು ದಡಬಡ ಎದ್ದು ಬಾಗಿಲಿಗೆ ಹಾರಿದವು. ಬಾಗಿಲಲ್ಲಿ ಮಲಗಿದ್ದ ನಾಯಿ ಬಾಲ ಮುದುರಿಕೊಂಡು ಓಡಿತು. ಗಾರೆಯ ಹೆಂಗಸು ಬಾಂಡಲಿ ಕೆಳಗಿಟ್ಟು ಎರಡೂ ಕಿವಿಗೆ ಸೆರಗು ಒತ್ತಿ ಹಿಡಿದಳು. ಅಬ್ಬಾ, ಎಂಥ ಜೋರು ನೋಡು ನನ್ನ ಆಂಪ್ಲಿಫೈಯರು ಅಂತ ಗವಿಸಿದ್ದಯ್ಯ ನಕ್ಕ. ಜೋರಾಯಿತೇನೋ ಅಂತ ವಾಲ್ಯೂಮ್ ಇಳಿಸಿದ. ಹೆಂಗಸು ಕೈ ತೆಗೆಯಲಿಲ್ಲ. ಪೂರಾ ಇಳಿಸಿದ. ಹಾಲು ನಿಶ್ಶಬ್ದವಾಯಿತು. ಅವನ ಪಾಲಿಗೆ. ಹೆಂಗಸು ಇನ್ನೂ ಕಿವಿ ಮುಚ್ಚಿಕೊಂಡೇ ಇದ್ದಳು. ಮನೋಹರ್ ಹಲ್ಲು ಕಚ್ಚಿಕೊಂಡು ನಿಂತಿದ್ದ. ಮುಜೀಬ್ ಗೋಡೆ ನೋಡುತ್ತಿದ್ದ.

ಗವಿಸಿದ್ದಯ್ಯನ ನಗು ನಿಂತಿತು. ಬಗ್ಗಿ ತೂತಿನ ಮುಚ್ಚಳದ ಒಳಗೆ ನೋಡಿದ. ಮನೆಯ ಬೆಳಕಿನಲ್ಲಿ ಕಾಣದ್ದು ಈ ಕತ್ತಲಲ್ಲಿ ಕಂಡಿತು. ದೊಡ್ಡ ವಾಲ್ವುಗಳ ಒಳಗಿನ ತಗಡು ಕುಲುಮೆಯಲ್ಲಿಟ್ಟ ಕುಡುಗೋಲಿನ ಹಾಗೆ ಕೆಂಪಗಾಗಿತ್ತು. ಸುಮ್ಮನಿರುವ ವಾಲ್ವಿನ ತಗಡು ಕೆಂಪಾಗುವುದಿಲ್ಲ. ಅದು ಮೈಯೆಲ್ಲ ಬಾಯಾಗಿ ಕೂಗುತ್ತಿತ್ತು. ಸೂಜಿಯಂಥ ಕೂಗು, ಎಲ್ಲರಿಗೂ ಕೇಳುತ್ತಿತ್ತು, ತನಗೊಬ್ಬನಿಗೆ ಕೇಳುತ್ತಿರಲಿಲ್ಲ.

ಸ್ವಿಚ್ಚು ಆರಿಸಿದ. ಹೆಂಗಸಿನ ಕೈ ಕೆಳಗಿಳಿಯಿತು.

ಈಗ ಬೈಯುತ್ತಾನೆ ಅಂತ ಎಲ್ಲರೂ ಕಾದರು. ಗವಿಸಿದ್ದಯ್ಯ ಬೈಯಲಿಲ್ಲ. ಆಂಪ್ಲಿಫೈಯರನ್ನು ಮಗ್ಗುಲಿಗೆ ಹೊರಳಿಸಿ, ಕಂಡೆನ್ಸರಿನ ಕಾಲುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಒಳಗಿದ್ದ ಕರೆಂಟನ್ನು ಚಟ್ ಅಂತ ಕಿಡಿಯಲ್ಲಿ ಇಳಿಸಿದ. ಬೆಸುಗೆ ಕಾಯಿಸಿ ಎರಡು ಮಣ್ಣುಬಣ್ಣದ ತುದಿಗಳನ್ನು ಬಿಚ್ಚಿ ಅದಲುಬದಲು ಮಾಡಿದ. ಮತ್ತೆ ಆನ್ ಮಾಡಿದ. ತಗಡು ಕೆಂಪಾಗಲಿಲ್ಲ. ನಾದಸ್ವರ ಹಾಕಿದ. ಅವನಿಗೆ ಮೊದಲಿನಷ್ಟೇ ಕೇಳಿತು, ಡೋಲು ಜೋರು, ನಾದಸ್ವರ ಗೋಡೆಯಾಚೆ ಊದಿದ ಹಾಗೆ.

"ಈಗ ಸರಿಯಾಯ್ತು!" ಮನೋಹರ್ ಉಸಿರು ಬಿಟ್ಟ. "ಸಿದ್ದಯ್ಯನೋರೆ, ಭೇಷ್! ನಮ್ಮಪ್ಪ ಇರ್ಬೇಕಾಗಿತ್ತು."

ಗವಿಸಿದ್ದಯ್ಯ ಮುಜೀಬನ ಕಡೆ ತಿರುಗಿದ. "ನೀನೇಳು."

"ಜೇನು ಕಣಣ್ಣ. ಅಲ್ಲಾನಾಣೆ."

"ನಿನ್ನೇನೂ ಚೆನ್ನಾಗೈತೆ ಅಂದೆ."

ಮುಜೀಬ್ ತಲೆ ತಗ್ಗಿಸಿದ.

"ಉಮಾ, ನೀನು?"

"ಈಗ ನಿಜಕ್ಕೂ ಚೆನ್ನಾಗೈತೆ ಕಣ್ರೀ."

"ನಿನ್ನೆ ಸುಳ್ಳಿಗೆ ಚೆನ್ನಾಗಿತ್ತಾ?" ಬಾಂಡಲಿಯ ಹೆಂಗಸಿನ ಕಡೆ ಕೈ ತೋರಿಸಿದ. "ಏನವ್ವಾ, ನೀನೇಳು."

ಆಕೆ ಮಾಲೀಕನ ಮುಖ ನೋಡಿ, "ಚೆಂದಾಗೈತೆ ಸ್ವಾಮಿ" ಅಂದಳು. ಕೆಟ್ಟದಾಗಿದೆ ಅಂದರೆ ಇವತ್ತಿನ ಕೂಲಿ ಹೋದೀತು ಅನ್ನುವ ಹಾಗಿತ್ತು ಆ ದನಿ.

ಗವಿಸಿದ್ದಯ್ಯ ಹಾಲಿನ ಉದ್ದಕ್ಕೂ ಒಮ್ಮೆ ನೋಡಿದ. ನಡೆದು ಕೇಳಿ ಬರಲು ಹೋಗಲಿಲ್ಲ. ನಡೆದು ಏನು ಕೇಳುವುದು? ವಾಲ್ವು ಕೆಂಪಾಗಿಲ್ಲ ಅಂದರೆ ಕೂಗುತ್ತಿಲ್ಲ ಅಂತ ಮಾತ್ರ ಅರ್ಥ. ನಾದಸ್ವರದ ತುದಿ ಒಡೆದಿದೆಯೋ, ಮಂತ್ರದ ಅಕ್ಷರ ಸೀಳುತ್ತಿದೆಯೋ, ಅದನ್ನು ಕಣ್ಣು ಹೇಳುವುದಿಲ್ಲ. ಹೇಳಬೇಕಾದವರ ಬಾಯನ್ನು ತಾನೇ ಎಂದೋ ಹೊಲಿದುಬಿಟ್ಟಿದ್ದ.

"ನೋಡಪ್ಪ ಮನೋಹರ, ನನ್ ಕೈಲಿ ಆಗಲ್ಲ."

"ಏನಾಗಲ್ಲ? ಆಯ್ತಲ್ಲ!"

"ನಾನು ನೋಡ್ಕೊಳ್ಳಕ್ಕಾಗಲ್ಲ. ನನ್ ಕಿವಿ ಒಪ್ದಂಗೆ ನಾನು ಒಂದಿನಾನೂ ಗೇಟು ತೆಗ್ಸಿಲ್ಲ. ಈಗ ಒಪ್ಪೋಕೆ ಕಿವೀನೇ ಇಲ್ಲ."

ಮುಜೀಬನಿಗೆ ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ಮೊದಲ ಸಲ ಬಂತು. "ಏನಣ್ಣ ನಿನ್ ಹಟ! ಚೆನ್ನಾಗಿರೋ ಸಾಮಾನನ್ನ ಕೈಯಾರ ಸಾಯಿಸ್ತೀಯಾ? ಕಿವಿಗೆ ಮಿಷನ್ ಹಾಕ್ಸ್ಕೋ, ಊರಲ್ಲಿ ಎಷ್ಟು ಜನ ಹಾಕ್ಸ್ಕೊಂಡಿಲ್ಲ!"

"ಅದೂ ಒಂದು ಆಂಪ್ಲಿಫೈಯರೇ ಕಣ್ಲಾ. ಅದರ ಸದ್ದು ಸರಿಯಾಗೈತೆ ಅಂತ ಯಾವ ಕಿವೀಲಿ ನೋಡ್ಲಿ?"

ಮನೋಹರ್ ಸ್ವಲ್ಪ ಹೊತ್ತು ಬೇಡಿಕೊಂಡ. ಬೇರೆ ಯಾರನ್ನಾದರೂ ಹೇಳಿ, ಅವರಿಗೆ ಕಲಿಸಿಕೊಡಿ ಅಂದ. ಕಲಿಯುವವರು ಇದ್ದಿದ್ದರೆ ಮಾತು ಇಲ್ಲಿಗೆ ಬರುತ್ತಿತ್ತೇ? ಕೊನೆಗೆ ಅವನೂ ಸೋತ. "ನೀವಿಲ್ದೆ ನಾನು ಇದನ್ನ ಇಟ್ಕೊಂಡು ಏನ್ ಮಾಡ್ಲಿ? ಮೈಕಿನ ಹುಡುಗರ ಕೈಗೆ ಸಿಕ್ಕಿದ್ರೆ ಒಂದೇ ಮದುವೇಲಿ ಸುಟ್ಟಾಕ್ತಾರೆ" ಅಂದು ಹೊರಗೆ ಹೋಗಿ ಓವೈಸನನ್ನು ಕರೆದ.

ಉಮಾಮಹೇಶ್ವರಿ ಗಂಡನ ಪಕ್ಕ ನೆಲದ ಮೇಲೆ ಕೂತಳು.

"ಯಾವಾಗಿಂದ?" ಅಂತ ಕೇಳಿದ ಅವನು.

ಅವಳು ಅವನ ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಹೇಳಿದಳು. "ನಮ್ ಕುಕ್ಕರ್ ಕೆಟ್ಟೋಯ್ತಲ್ಲ, ಅದಕ್ಕೂ ಮುಂಚಿಂದ."

"ಯಾಕೇಳ್ಲಿಲ್ಲ?"

"ಹೇಳಕ್ ಬುಟ್ರಾ ನೀವು?"

ಓವೈಸ್ ಬಂದು ಆಂಪ್ಲಿಫೈಯರಿಗೆ ಕೈ ಹಾಕಿದ. "ಬ್ಯಾಡ, ಬಿಸಿ ಐತೆ" ಅಂದ ಗವಿಸಿದ್ದಯ್ಯ. "ಬಿಸಿ ವಾಲ್ವನ್ನ ಅಲ್ಲಾಡಿಸಬಾರದು. ಒಳಗಿನ ತಂತಿ ಹರೀತದೆ."

"ಒಡೆಯೋಕೇ ತಗೊಂಡೋಗೋದು ಯಜಮಾನ್ರೆ" ಅಂದ ಓವೈಸ್. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ, ಇದ್ದದ್ದನ್ನು ಅಂದ.

ಗವಿಸಿದ್ದಯ್ಯನಿಗೆ ಅದು ಕೇಳಿಸಿತೋ ಇಲ್ಲವೋ. ಗಾಜಿನ ಮೇಲೆ ಬೆರಳಿಟ್ಟು ನೋಡಿದ, ತೆಗೆದ. ಒಸಿ ಹೊತ್ತು ಬಿಟ್ಟು ಮತ್ತೆ ಇಟ್ಟ. ಓವೈಸ್ ಬೀಡಿ ಹಚ್ಚಿಕೊಂಡ. ಗಾರೆಯ ಹೆಂಗಸು ಬಾಂಡಲಿ ಎತ್ತಿಕೊಂಡು ಕೆಲಸಕ್ಕೆ ಹೋದಳು. ಗಾಜು ತಣ್ಣಗಾದ ಮೇಲೆ ಗವಿಸಿದ್ದಯ್ಯ ಎದ್ದು ಒಂದು ಕಡೆ ಹಿಡಿದ, ಓವೈಸ್ ಇನ್ನೊಂದು ಕಡೆ ಹಿಡಿದ. ಮೆಟ್ಟಿಲಲ್ಲಿ ಓವೈಸ್ ಏನೋ ಹೇಳಿದ. ಗವಿಸಿದ್ದಯ್ಯ ಏನಂದೆ ಅಂತ ಕೇಳಲಿಲ್ಲ.